ಸಂಜೆಯ ಸುಪ್ರಭಾತ

ಮೊಬೈಲು ರಿಪೇರಿಗೆ ಹೋಗಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹೆಂಡತಿಯನ್ನು ಬಸ್‌ಸ್ಟ್ಯಾಂಡಿಗೆ ಬಿಡಬೇಕು. ಅವಳ ತಂಗಿಯ ಮಗಳ ನಿಶ್ಚಿತಾರ್ಥ. ‘ಪಕ್ಕದ ಮನೆಯಿಂದ ಅಲಾರಂ ಗಡಿಯಾರ ತರ್ಲಾ?’ ಅಂದಳು. ಇಪ್ಪತ್ತು ವರ್ಷ ಪ್ರೋಗ್ರಾಂ ಬರೆದವನ ಮನೆಗೆ ಎರವಲು ಗಡಿಯಾರವೇ! ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ಒಂದೇ ಸಾಲು ಕುಟ್ಟಿದೆ: ಆರು ಗಂಟೆ ಸ್ಲೀಪ್, ಅಂದರೆ ಸುಮ್ಮನೆ ಕಾಯುವ ಆಜ್ಞೆ; ಅದು ಮುಗಿದ ಕೂಡಲೇ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ. ಆಗ ರಾತ್ರಿ ಹತ್ತೂವರೆ. ಐದು ನಿಮಿಷ ನನ್ನ ಜಾಣತನವನ್ನು ನಾನೇ ಸವಿದು, ಬೆಳಕು ಕಣ್ಣಿಗೆ ಹೊಡೆಯುತ್ತದೆಂದು ಮುಚ್ಚಳ ಮುಚ್ಚಿದೆ.

ಎದ್ದಾಗ ಏಳೂಕಾಲು. ಹೆಂಡತಿ ಹೋಗಿಯಾಗಿತ್ತು. ಆಫೀಸಿಗೆ ಓಡಿ, ಹನ್ನೊಂದಕ್ಕೆ ಲ್ಯಾಪ್‌ಟಾಪು ತೆರೆದೆ.

ಸಂಜೆ ಐದಕ್ಕೆ ಐದು ನಿಮಿಷ. ಮೀಟಿಂಗ್ ರೂಮಿನ ದೊಡ್ಡ ಟಿವಿಗೆ ನನ್ನದೇ ಲ್ಯಾಪ್‌ಟಾಪು ಸಿಕ್ಕಿಸಿತ್ತು. ಬಾಸು ಮಾತಾಡುತ್ತ ಖರ್ಚಿನ ಪಟ್ಟಿಯವರೆಗೆ ಬಂದಿದ್ದರು. ಟಿವಿಯೊಳಗಿಂದ ಸಾಕ್ಷಾತ್ ತಿರುಮಲೆಯೇ ಎದ್ದಿತು! ಆಜ್ಞೆ ಕುಟ್ಟುವ ಟರ್ಮಿನಲ್ಲುಗಳು ಹನ್ನೊಂದು ತೆರೆದಿದ್ದವು. ಹಾಡುತ್ತಿರುವುದು ಯಾವುದರಲ್ಲಿ? ಒಂದೊಂದನ್ನೇ ಮುಚ್ಚುತ್ತ ಹೋದೆ. ಮಧ್ಯಾಹ್ನದಿಂದ ಮಾಡಿದ್ದ ಕೆಲಸವೂ ಮುಚ್ಚಿಹೋಯಿತು. ಸದ್ದಡಗಿಸುವ ಕೀ ಒಂದಿದೆ ಎನ್ನುವುದು ತಲೆಗೇ ಹೊಳೆಯಲಿಲ್ಲ. ಅಕೌಂಟ್ಸಿನ ಹಿರಿಯರು ಕಣ್ಣು ಮುಚ್ಚಿ ಕೈ ಮುಗಿದರು. ಪಕ್ಕದಲ್ಲಿದ್ದಾಕೆ ಮೇಜಿನಡಿ ಮೆಲ್ಲಗೆ ಚಪ್ಪಲಿ ಕಳಚಿದರು. ದೂರದೂರಿನಿಂದ ಬಂದಿದ್ದ ಬಾಸು ಮಾತ್ರ, ಗಿರಾಕಿಯ ಫೋನು ಹೋಲ್ಡಿನಲ್ಲಿದೆ ಎಂದುಕೊಂಡು ತಾಳ್ಮೆಯಿಂದ ಕಾದರು.

ಲಿನಕ್ಸಿನೊಳಗೆ ಗಡಿಯಾರ ಒಂದಲ್ಲ. ರಿಯಲ್‌ಟೈಮ್ ಎಂಬುದು ಗೋಡೆ ಗಡಿಯಾರದಂತೆ, ಮುಳ್ಳು ಹಿಂದೆಮುಂದೆ ತಿರುಗಿಸಬಹುದು. ಮೊನೊಟೋನಿಕ್ ಹಿಂದೆ ಹೋಗುವುದಿಲ್ಲ, ಆದರೆ ಯಂತ್ರ ಮಲಗಿದರೆ ತಾನೂ ನಿಲ್ಲುತ್ತದೆ. ಸ್ಲೀಪ್ ನೆಚ್ಚಿಕೊಂಡಿರುವುದು ಇದನ್ನೇ! ರಾತ್ರಿ ಐದು ನಿಮಿಷ ಎಣಿಸಿ, ಮುಚ್ಚಳ ಮುಚ್ಚಿದೊಡನೆ ಯಂತ್ರದ ಜೊತೆ ಮಲಗಿ, ಉಳಿದ ಐದು ಗಂಟೆ ಐವತ್ತೈದು ನಿಮಿಷವನ್ನು ಆಫೀಸಿನಲ್ಲಿ ಪ್ರಾಮಾಣಿಕವಾಗಿ ಎಣಿಸಿತ್ತು. ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿಯುವ ಬೂಟ್‌ಟೈಮ್ ಎಂಬ ಗಡಿಯಾರ 2011ರಲ್ಲೇ ಬಂದಿದೆ. 2018ರಲ್ಲಿ ಲಿನಕ್ಸಿನವರು ಮೊನೊಟೋನಿಕ್ಕನ್ನೂ ಹಾಗೇ ಮಾಡಹೊರಟರು. ಬೇರೆ ಪ್ರೋಗ್ರಾಮುಗಳು ಕೆಟ್ಟುಹೋದವೆಂದು ಕೈಬಿಟ್ಟರು. ಕೈಬಿಟ್ಟವರ ಮೇಲೆ ಎರಡು ದಿನ ಸಿಟ್ಟಿತ್ತು.

ಆದರೆ ಯಾವ ಮುಖ ಹೊತ್ತು ಬೈಯಲಿ? ‘ಸ್ಲೀಪ್ ಹೇಳಿದ್ದಕ್ಕಿಂತ ಕಡಿಮೆ ಮಲಗೋದಿಲ್ಲ, ಹೆಚ್ಚು ಮಲಗಬಹುದು’ ಎಂದು ಹೊಸ ಹುಡುಗರಿಗೆ ಪಾಠ ಹೇಳುವವನೇ ನಾನು. ವಿಂಡೋಸಿನಲ್ಲಿ ಒಂದು ಮಿಲಿಸೆಕೆಂಡು ಕೇಳಿದರೆ ಹದಿನೈದು ಕಳೆದಿರಬಹುದು ಎಂದು ನಕ್ಕವನೂ ನಾನೇ.

ಅಂದು ರಾತ್ರಿ ಹೆಂಡತಿ ಬಂದಳು. ಕತ್ತಲಲ್ಲಿ, ಬೀದಿನಾಯಿಗಳ ನಡುವೆ ಒಬ್ಬಳೇ ಆಟೋಗೆ ಕಾದಿದ್ದಳಂತೆ. ನಗಿಸೋಣವೆಂದು ಇಟ್ಟುಕೊಂಡಿದ್ದ ಸುಪ್ರಭಾತದ ಕಥೆ ಬಾಯಿಗೆ ಬರಲಿಲ್ಲ.

‘ಎಬ್ಬಿಸಬಾರದಿತ್ತಾ?’

‘ಮೂರು ಸಲ ಎಬ್ಬಿಸಿದೆ ರೀ. ಇನ್ನೂ ಅಲಾರಂ ಆಗಿಲ್ಲ ಅಂತ ಮಗ್ಗುಲಾದಿರಿ.’

ಪಕ್ಕದ ಮನೆಯ ಗಡಿಯಾರ ಈಗ ನಮ್ಮ ತಲೆದೆಸೆಯಲ್ಲಿದೆ. ದಿನಾ ರಾತ್ರಿ ಕೀ ಕೊಡುವುದು ನನ್ನ ಕೆಲಸ.