ಕಣದ ಮೂಲೆಯ ಆಫೀಸು

ಆಲೂರು, ಸಕಲೇಶಪುರದ ಕಡೆ ಸಂಜೆ ಆರರ ಮೇಲೆ ಮನೆಯಿಂದಾಚೆ ಕಾಲಿಡಬಾರದು ಅಂತ ನಮಗೆ ಯಾವ ಸರ್ಕಾರವೂ ಹೇಳಬೇಕಾಗಿರಲಿಲ್ಲ. ಕಾಡಾನೆಗಳು ಆ ಕರ್ಫ್ಯೂವನ್ನು ಎಷ್ಟೋ ವರ್ಷದಿಂದ ಜಾರಿಯಲ್ಲಿಟ್ಟಿವೆ. ಅಂತರವೂ ಹೊಸದಲ್ಲ, ಪಕ್ಕದ ಮನೆ ಅಂದರೆ ಒಂದು ತೋಟ, ಒಂದು ಹಳ್ಳ ದಾಟಬೇಕು. ಹಾಗಾಗಿ 2020ರ ಮಾರ್ಚ್ 24ರ ರಾತ್ರಿ ಟಿ.ವಿ.ಯಲ್ಲಿ 21 ದಿನದ ಲಾಕ್‌ಡೌನ್ ಅಂದಾಗ ನಮ್ಮ ಮನೆಯವರು "ಅಷ್ಟೇನಾ?" ಅಂತ ಊಟಕ್ಕೆ ಕೂತರು.

ನಮಗೆ ಬಂದ ಕಷ್ಟವೇ ಬೇರೆ. ಬೆಂಗಳೂರಿನ ಮೈದುನ, ವಾರಗಿತ್ತಿ, ಅವರ ಇಬ್ಬರು ಮಕ್ಕಳು ಜನತಾ ಕರ್ಫ್ಯೂಗೆ ಮೊದಲೇ ಕಾರು ತುಂಬಾ ಸಾಮಾನಿನೊಂದಿಗೆ ಬಂದಿಳಿದಿದ್ದರು. ಆ ಭಾನುವಾರ ಸಂಜೆ ಐದಕ್ಕೆ ಮಕ್ಕಳು ಅಂಗಳದಲ್ಲಿ ನಿಂತು ಸ್ಟೀಲ್ ತಟ್ಟೆ ಬಡಿದವು. ನಮ್ಮಲ್ಲಿ ತಟ್ಟೆ ಬಡಿಯುವುದು ಒಂದೇ ಕಾರಣಕ್ಕೆ. ಹಳ್ಳದಾಚೆಯ ತೋಟದಿಂದ ತಕ್ಷಣ ಫೋನ್ ಬಂತು: "ಎಷ್ಟು ಬಂದಿದಾವೆ? ಮರಿ ಇದ್ಯಾ?"

ಗೋಡೌನಿನಲ್ಲಿ ಮೂಟೆಗಟ್ಟಲೆ ಕಾಫಿ ಇದ್ದ ಮನೆಯಲ್ಲಿ ಮೊದಲು ಖಾಲಿಯಾದದ್ದು ಕಾಫಿಪುಡಿ. ಬೆಳೆಯುವವರು ನಾವಾದರೂ ಪುಡಿ ತರುವುದು ಪೇಟೆಯಿಂದಲೇ. ಅತ್ತೆ ಕಬ್ಬಿಣದ ಬಾಣಲೆಯಲ್ಲಿ ಬೀಜ ಹುರಿದರು, ಮಿಕ್ಸಿಗೆ ಹಾಕಿದರು. ಕುಡಿದ ಮೈದುನ "ಅವ್ವಾ, ಇದು ಇದ್ದಿಲು" ಅಂದ. "ನಿಮ್ಮ ಬೆಂಗಳೂರಲ್ಲಿ ಇದಕ್ಕೇ ಇನ್ನೂರು ರೂಪಾಯಿ ಕೊಡ್ತೀರಲ್ಲೋ" ಅಂದರು ಅತ್ತೆ. ಆಗಷ್ಟೇ ಕೊಯ್ದು ಒಣಗಿಸಿದ ಮೆಣಸು ಬೇರೆ ಮನೆಯಲ್ಲಿತ್ತು. ಆಯುಷ್ ಸಚಿವಾಲಯವೇ ತುಳಸಿ, ಚಕ್ಕೆ, ಮೆಣಸು, ಶುಂಠಿಯ ಕಷಾಯ ಕುಡೀರಿ ಅಂದ ಮೇಲಂತೂ ಅತ್ತೆಯನ್ನು ಹಿಡಿಯುವವರೇ ಇರಲಿಲ್ಲ. ಮಕ್ಕಳು ಅವರ ಲೋಟ ಕಂಡರೆ ಕೊಟ್ಟಿಗೆಯ ಹಿಂದೆ ಅಡಗುತ್ತಿದ್ದವು.

ಆ ನಡುವೆ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಯಿತು. ಕಿಟಕಿ ಮುಚ್ಚಿದರೂ ಕಾಫಿ ಹೂವಿನ ಘಮ ಒಳಗೆ. ವಾಸನೆ ತಿಳಿಯದಿದ್ದರೆ ಸೋಂಕು ಅಂತ ಎಲ್ಲೋ ಓದಿದ್ದ ವಾರಗಿತ್ತಿ ಬೆಳಿಗ್ಗೆ ಎದ್ದ ಕೂಡಲೇ ಒಬ್ಬೊಬ್ಬರ ಮೂಗಿಗೂ ಒಂದು ಗೊಂಚಲು ಹಿಡಿಯುತ್ತಿದ್ದಳು. ಅತ್ತೆ "ಎಂಥದೂ ಇಲ್ಲ ಕಣೆ" ಅಂದುಬಿಟ್ಟರು. ವಾರಗಿತ್ತಿಯ ಮುಖ ಬಿಳಿಚಿತು, ಅತ್ತೆಯ ಹಾಸಿಗೆ ಮೂಲೆಕೋಣೆಗೆ ಹೋಯಿತು, ತಟ್ಟೆ ಲೋಟ ಬೇರೆಯಾದವು. ನಲವತ್ತು ವರ್ಷದಿಂದ ನಶ್ಯ ಏರಿಸುತ್ತಿರುವ ಮೂಗು ಅದು, ಅದಕ್ಕೆ ಸುಟ್ಟ ಹಾಲಿನ ವಾಸನೆಯೂ ತಿಳಿಯುವುದಿಲ್ಲ ಅಂತ ನಾನು ಸಂಜೆ ಹೇಳಿದೆ. ಬೆಳಿಗ್ಗೆಯೇ ಹೇಳಬಹುದಿತ್ತು ನಿಜ. ಆದರೆ ಅಡುಗೆಮನೆ ಒಂದು ದಿನವಾದರೂ ನನ್ನದಾಗಿತ್ತಲ್ಲ!

ಇನ್ನು ಮೈದುನನ ಆಫೀಸು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ಮೆಣಸಿನ ಬುಟ್ಟಿ ಕವುಚಿ, ಮೇಲೊಂದು ಹಲಗೆ ಇಟ್ಟು, ಅದರ ಮೇಲೆ ಲ್ಯಾಪ್‌ಟಾಪು. ಮೇಲೆ ಅಂಗಿ, ಕೆಳಗೆ ಪಂಚೆ. ಹಗಲಿನ ಮೀಟಿಂಗುಗಳಿಗೆ ಹುಂಜದ ಕೂಗು ಬಿಟ್ಟರೆ ತೊಂದರೆಯಿರಲಿಲ್ಲ. ಅಮೆರಿಕದವರ ಮೀಟಿಂಗು ಮಾತ್ರ ರಾತ್ರಿ ಎಂಟಕ್ಕೆ, ಆನೆಗಳ ಪಾಳಿಯಲ್ಲಿ. ಕಣಕ್ಕೆ ಜೀಪು ತಂದು ನಿಲ್ಲಿಸಿ ಅವನು ಒಳಗೆ ಕೂರುತ್ತಿದ್ದ. ನಮ್ಮ ಮನೆಯವರು ಟಾರ್ಚು, ಪಟಾಕಿ ಹಿಡಿದು ಪಕ್ಕದ ಸೀಟಿನಲ್ಲಿ ಕಾವಲು.

ಒಂದು ರಾತ್ರಿ ಬೈನೆ ಮರ ಮುರಿಯುವ ಸದ್ದು ಕೇಳಿತು. ಇವರು ಪಟಾಕಿ ಹಚ್ಚಿ ಎಸೆದರು. ಅತ್ತ ಕಡೆಯ ಬಾಸು ಗಾಬರಿಯಾಗಿ ಏನದು ಅಂದರೆ, ಮೈದುನ "ಆನೆ ಸಾರ್" ಅಂದನಂತೆ. ರಜಕ್ಕೆ ಹೊಸ ನೆಪ ಅಂದುಕೊಂಡರೋ ಏನೋ, ತೋರಿಸು ಅಂದರು. ಜೀಪಿನ ಲೈಟು ಹಾಕಿದರೆ ಎದುರಿಗೇ ಒಂಟಿ ಸಲಗ. ಮೀಟಿಂಗು ಅಲ್ಲಿಗೆ ಮುಗಿಯಿತು. ಮರುದಿನದಿಂದ ಅವರ ಮೀಟಿಂಗಿಗೆ ತಪ್ಪಿಸಿಕೊಳ್ಳುವವರೇ ಇಲ್ಲ. ಎಲ್ಲರಿಗೂ ಆನೆ ನೋಡಬೇಕು.

ಮೇ 12ರವರೆಗೆ ಹಾಸನ ಜಿಲ್ಲೆಯಲ್ಲಿ ಒಂದೂ ಕೊರೊನಾ ಪ್ರಕರಣವಿರಲಿಲ್ಲ. ಆಮೇಲಾದದ್ದು ನಗುವ ವಿಷಯವಲ್ಲ, ಅದನ್ನಿಲ್ಲಿ ಬರೆಯುವುದೂ ಇಲ್ಲ.

ಈಗ ಬೆಂಗಳೂರಿನ ನೆಂಟರೆಲ್ಲ ನಿಮ್ಮಲ್ಲಿಗೇ ಬಂದು ಕೆಲಸ ಮಾಡ್ತೀವಿ ಅನ್ನುತ್ತಾರೆ. ಧಾರಾಳವಾಗಿ ಬನ್ನಿ. ಆದರೆ ಹೂವಿನ ಕಾಲಕ್ಕೆ ಬೇಡ, ಡಿಸೆಂಬರಿನಲ್ಲಿ ಹಣ್ಣು ಕುಯ್ಲಿಗೆ ಬನ್ನಿ. ಆಳು ಸಿಗುತ್ತಿಲ್ಲ. ಲ್ಯಾಪ್‌ಟಾಪು ನಿಮ್ಮದು, ಬುಟ್ಟಿ ನಾವು ಕೊಡುತ್ತೇವೆ.