ಜಪಾನಿಗೆ ಇಂಗ್ಲಿಷ್ ಮೇಷ್ಟ್ರಾಗಿ ಹೊರಟ ಮುಂಬೈ ಕನ್ನಡಿಗರಿಗೆ ಕೈಪಿಡಿ

1. ಬಳಸುವ ಮುನ್ನ

ಡೊಂಬಿವಲಿಯಿಂದ ವಿರಾರ್ ತನಕ ಎಲ್ಲೇ ಇರಿ, ಬಿ.ಎ. ಅಥವಾ ಎಂ.ಎ.ಗೆ ಭಾಷೆ ಓದುತ್ತಾ ಜಪಾನಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಆಸೆ ಹೊತ್ತಿದ್ದರೆ ಈ ಕೈಪಿಡಿ ನಿಮಗಾಗಿ. ಲೋಕಲ್ ರೈಲಿನಲ್ಲಿ ಒಂಟಿಕಾಲಲ್ಲಿ ನಿಂತು ಓದುವಷ್ಟು ಚಿಕ್ಕದು. ಅರ್ಜಿ ಹಾಕುವ ತನಕ ಮನೆಯವರ ಕೈಗೆ ಸಿಗದಂತೆ ಇಡಿ.

ದಾರಿ ಹೊಸದಲ್ಲ. 1893ರಲ್ಲೇ ಜಪಾನಿನ ಎನ್.ವೈ.ಕೆ. ಕಂಪನಿ ಜೆಮ್‌ಶೆಟ್‌ಜಿ ಟಾಟಾ ಜೊತೆ ಸೇರಿ ಬೊಂಬಾಯಿಗೂ ಕೋಬೆಗೂ ಹಡಗು ಬಿಟ್ಟಿತ್ತು. ಆಗ ಇಲ್ಲಿಂದ ಹೋದದ್ದು ಹತ್ತಿ. ಈಗ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ ಜಪಾನಿ ತಂತ್ರಜ್ಞಾನದ ಬುಲೆಟ್ ರೈಲಿಗೆ ನೆಲದಡಿ ನಿಲ್ದಾಣ. ಆ ರೈಲು ಯೋಜನೆಯ ಶಂಕುಸ್ಥಾಪನೆ ಆದದ್ದು 2017ರಲ್ಲಿ. ಆ ರೈಲು ಓಡುವ ಮೊದಲೇ ನೀವು ಜಪಾನ್ ತಲುಪಿದರೂ ತಲುಪಬಹುದು.

2. ಪೆಟ್ಟಿಗೆಯಲ್ಲಿ ಏನೇನಿರಬೇಕು

ಯಾವುದಾದರೂ ವಿಷಯದಲ್ಲಿ ಒಂದು ಪದವಿ, ಚೊಕ್ಕ ಇಂಗ್ಲಿಷ್, ಶಿಫಾರಸು ಪತ್ರಗಳು, ‘ಯಾಕೆ ಬರುತ್ತೀರಿ’ ಎಂದು ವಿವರಿಸುವ ಉದ್ದೇಶ ಪತ್ರ. ಇಷ್ಟಿದ್ದರೆ ‘ಜೆಟ್’ ಎಂಬ ಜಪಾನಿ ಸರಕಾರಿ ಯೋಜನೆಗೆ ಅರ್ಜಿ ಹಾಕಬಹುದು. 1987ರಲ್ಲಿ ಇದು ಶುರುವಾದಾಗ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ 4 ದೇಶಗಳಿಂದ 848 ಜನ ಹೋಗಿದ್ದರು. ನಮ್ಮವರಿಗೆ ಬಾಗಿಲು ತೆರೆದದ್ದು ತಡವಾಗಿ. ಒಳಗೆ ಹೋದವರು ಇವತ್ತಿಗೂ ಕಡಿಮೆ.

ಹುದ್ದೆಯ ಹೆಸರು ಸಹಾಯಕ ಭಾಷಾ ಶಿಕ್ಷಕ, ಚಿಕ್ಕದಾಗಿ ಎ.ಎಲ್.ಟಿ. ಕ್ಲಾಸು ಜಪಾನಿ ಮೇಷ್ಟ್ರದ್ದು. ನೀವು ಪಕ್ಕದಲ್ಲಿ ನಿಂತು ಓದಿ ಹೇಳುವವರು, ಆಟ ಆಡಿಸುವವರು. ಕರಾರು 1 ವರ್ಷದ್ದು, ಎಳೆದರೆ 5 ವರ್ಷ. ಊರು ಯಾವುದೆಂದು ಅವರೇ ತೀರ್ಮಾನಿಸುತ್ತಾರೆ. ಟೋಕಿಯೊ ಕೇಳಿದವರಿಗೆ ಗಂಟೆಗೊಂದು ಬಸ್ಸೂ ಬಾರದ ಹಳ್ಳಿ ಸಿಕ್ಕೀತು.

ಎಚ್ಚರಿಕೆ: 2025ರಿಂದ ಮೊದಲ ವರ್ಷದ ಸಂಬಳ 40.2 ಲಕ್ಷ ಯೆನ್. ಇದನ್ನು ಮಾವನ ಮುಂದೆ ಹೇಳುವಾಗ ‘ಯೆನ್’ ಎಂಬುದನ್ನು ಒತ್ತಿ ಹೇಳಿ. ರೂಪಾಯಿ ಎಂದುಕೊಂಡು ಅವರು ಮುಲುಂಡಿನಲ್ಲಿ ಫ್ಲ್ಯಾಟು, ಮಂಗಳೂರಿನಲ್ಲಿ ಸಂಬಂಧ ಎರಡನ್ನೂ ಒಟ್ಟಿಗೇ ನೋಡತೊಡಗುವ ಅಪಾಯವಿದೆ.

3. ಜೋಡಣೆ

ಜೆಟ್ ಆಗದಿದ್ದರೆ ಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವ ಖಾಸಗಿ ಕಂಪನಿಗಳಿವೆ. ಆದರೆ ಅಲ್ಲಿ ಶಿಕ್ಷಕರ ವೀಸಾಕ್ಕೆ ಒಂದು ಷರತ್ತು: 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲೇ ಓದಿರಬೇಕು. ಪೆನ್ಸಿಲ್ ತೆಗೆದುಕೊಳ್ಳಿ.

ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮಾಧ್ಯಮವೇ? ಹತ್ತು, ಮೇಲೆರಡು: 12. ಮುಂದಿನ ಪುಟಕ್ಕೆ ಹೋಗಿ.

ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ 7ನೆಯ ತನಕ ಓದಿ, ಆಮೇಲೆ ಇಂಗ್ಲಿಷಿಗೆ ದಾಟಿದವರೇ? ಹೈಸ್ಕೂಲು 3, ಜೂನಿಯರ್ ಕಾಲೇಜು 2, ಬಿ.ಎ. 3, ಎಂ.ಎ. 2. ಒಟ್ಟು 10. ಇಂಗ್ಲಿಷ್ ಸಾಹಿತ್ಯದಲ್ಲಿ ಚಿನ್ನದ ಪದಕ ಬಂದಿದ್ದರೂ ಹತ್ತು ಹತ್ತೇ. ಪಿಎಚ್.ಡಿ.ಗೆ ಸೇರಿ, 2 ವರ್ಷ ತಳ್ಳಿ.

ಮೆಟ್ರಿಕ್ ತನಕ ಕನ್ನಡವೇ? 7. ಪೆನ್ಸಿಲ್ ಕೆಳಗಿಡಿ.

4. ಪೆಟ್ಟಿಗೆಯ ಮೇಲೆ ನಮೂದಿಸದ ಸೌಲಭ್ಯಗಳು

ಮುಂಬೈ ಕನ್ನಡಿಗ ಮಾದರಿಯ ಅಭ್ಯರ್ಥಿಯಲ್ಲಿ ಕೆಲವು ಉಪಯುಕ್ತ ಭಾಗಗಳಿವೆ. ಇವಕ್ಕೆ ಫಾರಂನಲ್ಲಿ ಕಾಲಂ ಇಲ್ಲ.

(ಅ) ನೀವು ಮನೆಯಲ್ಲಿ ಕನ್ನಡ ಅಥವಾ ತುಳು, ಕಟ್ಟಡದಲ್ಲಿ ಮರಾಠಿ, ರಿಕ್ಷಾದಲ್ಲಿ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷ್ ಆಡುತ್ತೀರಿ. ತಪ್ಪು ಮಾತಾಡಿದರೆ ಜೀವ ಹೋಗುವುದಿಲ್ಲ ಎಂಬುದು ನಿಮಗೆ ಗೊತ್ತು. ಜಪಾನಿನ ತರಗತಿಯಲ್ಲಿ ಮಕ್ಕಳಿಗೆ ಮನವರಿಕೆ ಮಾಡಿಸಬೇಕಾದ ಮೊದಲ ಪಾಠವೇ ಅದು.

(ಆ) ಜಪಾನಿ ವಾಕ್ಯವೊಂದನ್ನು ಬಿಚ್ಚಿ ನೋಡಿ: ‘ವತಾಶಿ ವ ಗಕ್ಕೋ ನಿ ಇಕಿಮಸು.’ ನಾನು ಶಾಲೆಗೆ ಹೋಗುತ್ತೇನೆ. ಗಕ್ಕೋ ಎಂದರೆ ಶಾಲೆ, ‘ನಿ’ ನಮ್ಮ ‘ಗೆ’, ಕ್ರಿಯಾಪದ ಕೊನೆಗೆ. ಒಂದು ತಿರುಪೂ ಬದಲಿಸಬೇಕಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಕ್ರಿಯಾಪದ ದಾದರಿನಲ್ಲಿ ಹತ್ತುವವರ ಹಾಗೆ ನಡುವೆ ನುಗ್ಗುತ್ತದೆ. ‘ಎ’, ‘ದ’ ಎಲ್ಲಿ ಹಾಕಬೇಕೆಂದು ಜಪಾನಿ ಮಗು ತಲೆ ಕೆರೆದುಕೊಳ್ಳುವುದೂ ನಾವು ಕೆರೆದುಕೊಂಡ ಕಾರಣಕ್ಕೇ: ಇಬ್ಬರ ಭಾಷೆಯಲ್ಲೂ ಅವಿಲ್ಲ. ವ್ಯಂಜನದಲ್ಲಿ ಶಬ್ದ ಮುಗಿಸಲು ಇಬ್ಬರ ನಾಲಿಗೆಗೂ ಇರುಸುಮುರುಸು. ನಮಗೆ ಬಸ್ಸು, ಅವರಿಗೆ ಬಸು. ಮೀಟಿಂಗು ಎರಡೂ ಕಡೆ ಮೀಟಿಂಗೇ.

(ಇ) ಅಲ್ಲಿ 2020ರಿಂದ ಇಂಗ್ಲಿಷ್ 5ನೆಯ ತರಗತಿಯಲ್ಲಿ ಅಂಕ ಕೊಡುವ ವಿಷಯವಾಗಿದೆ. ನಿಮ್ಮ ಅಪ್ಪ ಅಮ್ಮ ಕನ್ನಡ ಮಾಧ್ಯಮದಲ್ಲಿ ಎ ಬಿ ಸಿ ಡಿ ತಿದ್ದತೊಡಗಿದ್ದೂ 5ನೆಯದರಲ್ಲೇ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬೈಯಲ್ಲಿ ರಾತ್ರಿಶಾಲೆ ನಡೆಸಿತು. ಹಗಲು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸಿದ ಹುಡುಗರು ರಾತ್ರಿ ಇಂಥ ಶಾಲೆಗಳಲ್ಲಿ ತೂಕಡಿಸುತ್ತಾ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿದರು. ಇಂಗ್ಲಿಷನ್ನು ಹೊರಗಿನಿಂದ ಒಳಹೊಕ್ಕವರಿಗೆ ಬಾಗಿಲಿನ ಹೊಸ್ತಿಲು ಎಷ್ಟು ಎತ್ತರ ಎಂಬುದು ತಿಳಿದಿರುತ್ತದೆ. ಒಳಗೇ ಹುಟ್ಟಿದವರು ಅದನ್ನು ಎಡವಿಯೇ ಇರುವುದಿಲ್ಲ.

5. ತೊಂದರೆ ಮತ್ತು ಪರಿಹಾರ

ಅಮ್ಮ ‘ಅಷ್ಟು ದೂರ ಯಾಕೆ ಮಗಾ, ಕಾಂದಿವಲಿಯಲ್ಲೇ ಟ್ಯೂಷನ್ ಮಾಡಬಾರದಾ?’ ಎನ್ನುತ್ತಾರೆ: ವಾದಿಸಬೇಡಿ. ಜಪಾನಿನ ಶಾಲೆಯಲ್ಲಿ ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಮಕ್ಕಳೇ ಊಟ ಬಡಿಸಿ ಮಕ್ಕಳೇ ಕಸ ಗುಡಿಸಬೇಕು ಎಂದು ತಿಳಿಸಿ. ಅರ್ಧ ಒಪ್ಪಿಗೆ ಅಲ್ಲೇ ಸಿಗುತ್ತದೆ.

ಊಟ ಸೇರುವುದಿಲ್ಲ: ಸಾಮಾನ್ಯವಾಗಿ ಅಲ್ಲಿನ ಸಾರಿನ ತಳದಲ್ಲಿ ಒಣಮೀನಿನ ರಸವಿರುತ್ತದೆ. ಕರಾವಳಿಯ ಹೆಚ್ಚಿನವರಿಗೆ ಇದು ತೊಂದರೆಯಲ್ಲ, ಸೌಲಭ್ಯ. ಮಾಟುಂಗಾದ ಸಸ್ಯಾಹಾರಿಗಳು ಡಬ್ಬಿ ಕಟ್ಟಿಕೊಳ್ಳಿ.

‘ನಿಮ್ಮ ಮಾತೃಭಾಷೆ ಇಂಗ್ಲಿಷೇ?’ ಎಂದು ಕೇಳುತ್ತಾರೆ: ‘ಅಲ್ಲ’ ಎನ್ನಿ. ಸ್ವರ ತಗ್ಗಿಸಬೇಡಿ.

6. ಖಾತರಿ

ಆಯ್ಕೆಯ ಖಾತರಿಯನ್ನು ಈ ಕೈಪಿಡಿ ಕೊಡುವುದಿಲ್ಲ. 12 ವರ್ಷದ ಷರತ್ತನ್ನು ಉದ್ದೇಶ ಪತ್ರ ಬದಲಿಸದು. ಆದರೆ ನಾಲ್ಕನೆಯ ವಿಭಾಗದ ಸೌಲಭ್ಯಗಳಿಗೆ ಅರ್ಜಿಯಲ್ಲಿ ಜಾಗವಿರುವುದು ಆ ಪತ್ರವೊಂದರಲ್ಲೇ. ಹಾಗಾಗಿ ಅದರಲ್ಲಿ ಚೆರ್ರಿ ಹೂವು, ಅನಿಮೆ, ಬಾಲ್ಯದ ಕನಸು ಇವುಗಳಿಗೆ ಸಾಲು ಖರ್ಚು ಮಾಡಬೇಡಿ. ಉಳಿದವರೆಲ್ಲ ಅದನ್ನೇ ಬರೆದಿರುತ್ತಾರೆ. ನೀವು ಇಂಗ್ಲಿಷನ್ನು ಯಾವ ವಯಸ್ಸಿನಲ್ಲಿ, ಯಾವ ತಪ್ಪುಗಳನ್ನು ಮಾಡಿ, ಯಾರ ಕೈಯಲ್ಲಿ ತಿದ್ದಿಸಿಕೊಂಡು ಕಲಿತಿರಿ ಎಂದು ಬರೆಯಿರಿ. ಸಹಾಯಕ ಶಿಕ್ಷಕನ ಕೆಲಸಕ್ಕೆ ಅದಕ್ಕಿಂತ ದೊಡ್ಡ ಅನುಭವ ಪತ್ರ ಬೇರೆ ಇಲ್ಲ. ಅವರು ಬೇಡವೆಂದರೆ ಅದೇ ಪತ್ರ ಹಿಡಿದು ಹತ್ತಿರದ ಪಾಲಿಕೆ ಶಾಲೆಗೆ ಹೋಗಿ. ಅಲ್ಲೂ 5ನೆಯ ತರಗತಿ ಇದೆ, ಅಲ್ಲೂ ಸಹಾಯಕರು ಬೇಕಾಗಿದ್ದಾರೆ, ಯೆನ್ ಮಾತ್ರ ಇಲ್ಲ.