ಸೈಡ್‌ಬೋರ್ಡ್ ಇದೆಯಾ ಅತ್ತೆ?

ಬೆಂಗಳೂರಿನಿಂದ ಬಂದ ಸೋದರಸೊಸೆ ಹೀಗೆ ಕೇಳಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಬಸ್ಸಿನ ಪಕ್ಕದ ಬೋರ್ಡು: ಭಟ್ಕಳ–ಹೊನ್ನಾವರ–ಕುಮಟಾ. ಅಲ್ಲವಂತೆ, ಊಟದ ಕೋಣೆಯಲ್ಲಿ ತಟ್ಟೆ ಇಡುವ ಹಳೇ ಕಪಾಟಂತೆ. ನಾವು ಉಂಡದ್ದು ಬಾಳೆಲೆಯಲ್ಲಿ. ಅದರ ಕಪಾಟು ಹಿತ್ತಲು!

ಆದರೂ ಅಜ್ಜಿಯ ಕಾಲದ ಜಾಲರಿ ಕಪಾಟೊಂದಿದೆ. ಹಲಸಿನ ಹಲಗೆ, ತಂತಿ ಜಾಲರಿಯ ಬಾಗಿಲು, ಮೂರು ಕಾಲಿಗೆ ನೀರಿನ ಬಟ್ಟಲು (ನಾಲ್ಕನೆಯದರ ಕಥೆ ಆಮೇಲೆ). ಇರುವೆಗೆ ಅದು ಕೋಟೆಯ ಕಂದಕ. ಬೆಕ್ಕಿಗೆ ದರ್ಶನ ಮಾತ್ರ, ಪ್ರಸಾದವಿಲ್ಲ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಬಿಗಿದುಕೊಂಡರೆ ನಮಗೂ ಅಷ್ಟೇ.

1860ರ ದಶಕದಲ್ಲಿ ಅಮೆರಿಕದವರು ತಮ್ಮತಮ್ಮಲ್ಲೇ ಹೊಡೆದಾಡಿಕೊಂಡು ಅಲ್ಲಿನ ಹತ್ತಿ ಬರುವುದು ನಿಂತಾಗ ನಮ್ಮ ಕುಮಟಾ ಬಂದರಿನಿಂದ ಹತ್ತಿ ಹಡಗು ಹತ್ತಿತು. ಊರಿಗೆ ದುಡ್ಡು ಇಳಿಯಿತು. ನಮ್ಮ ಮನೆಗೆ ಇಳಿದದ್ದು ಈ ಕಪಾಟಿನಷ್ಟೇ ಇರಬೇಕು, ಅದೂ ಬಹಳ ತಡವಾಗಿ.

ಸೊಸೆ ಎಂಟು ಫೋಟೋ ತೆಗೆದಳು. "ಅಪ್ಪಟ ವಿಂಟೇಜ್! ನಂಗೆ ಕೊಡ್ತೀರಾ?"

"ಒಯ್ಯೇ ಮಾರಾಯ್ತಿ. ನಾಲ್ಕನೇ ಕಾಲು ಮಾತ್ರ ಚಿರೇಕಲ್ಲು, ಬೇರೆ ಚೀಲದಲ್ಲಿ ಹಾಕ್ಕೊಡ್ತೇನೆ."